ಇಲ್ಲ ಎಂದು ಬರೆದುಕೊಡಿ

ಮೂವತ್ತು ಬಗೆಯ ತಿಂಡಿಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಮನುಷ್ಯ ನಾನು. ಅಂಥವನ ತಲೆಯನ್ನು ಮೂರೇ ಮೂರು ಸಾಲಿನ ಒಂದು ಪಟ್ಟಿ ಕೆಡಿಸಿಹಾಕಿತು ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ಮೊದಲ ದಿನ ನನ್ನ ಹೆಂಡತಿ ಗುಣವತಿಯೂ ನಕ್ಕಳು. ಆಮೇಲೆ ಅವಳ ತಲೆಯೂ ಕೆಟ್ಟಿತು.

ನನ್ನ ಹೆಸರು ಕಾಂತಪ್ಪ. ಊರು ಕಾರ್ಕಳದ ಹತ್ತಿರ. ಮದ್ರಾಸಿನ ಮೈಲಾಪೂರಿನಲ್ಲಿ, ಕೆರೆಯಿಂದ ಎರಡು ಬೀದಿ ಆಚೆ, ಇಪ್ಪತ್ತೇಳು ವರ್ಷದಿಂದ ಹೋಟೆಲು ನಡೆಸುತ್ತಿದ್ದೇನೆ. ಒಬ್ಬಳೇ ಮಗಳು ವೀಕ್ಷಾ. ಜಾರ್ಜಿಯಾ ದೇಶದ ಕುಟೈಸಿ ಎಂಬ ಊರಿನಲ್ಲಿ ಡಾಕ್ಟರಿಕೆ ಓದುತ್ತಾಳೆ. ಇಲ್ಲಿ ಸೀಟು ಸಿಗಲಿಲ್ಲ, ಅಲ್ಲಿ ಸಿಕ್ಕಿತು, ಹೋದಳು. ನಾಲ್ಕು ವರ್ಷ ಮುಗಿಸಿ ಜುಲೈ ರಜೆಗೆ ಮನೆಗೆ ಬಂದಿದ್ದಳು. ಐದನೆಯ ವರ್ಷಕ್ಕೆ ಪಾಠದ ಕೋಣೆ ಮುಗಿದು ಆಸ್ಪತ್ರೆ ಶುರು. ಮೆಡಿಸಿನ್, ಸರ್ಜರಿ, ಮಕ್ಕಳ ವಾರ್ಡು, ಹೆರಿಗೆ ವಾರ್ಡು ಎಂದು ಒಂದೊಂದರಲ್ಲಿ ಕೆಲವು ವಾರ ನಿಂತು, ರೋಗಿಗಳನ್ನು ನೋಡಿ ಕಲಿಯಬೇಕು. ಅದಕ್ಕೆ ರೊಟೇಶನ್ ಎನ್ನುತ್ತಾರೆ. ಎಲ್ಲಿ ನಿಂತು ಕಲಿಯುವುದು ಎಂಬುದನ್ನು ವಿದ್ಯಾರ್ಥಿಯೇ ಆರಿಸಿ ಕಾಲೇಜಿಗೆ ತಿಳಿಸಬೇಕು.

ಕಾಲೇಜಿನವರು ಕಳಿಸಿದ ಪಟ್ಟಿಯಲ್ಲಿ ಇದ್ದದ್ದು ಮೂರು ಸಾಲು. ಒಂದು, ಕುಟೈಸಿಯ ಅವರದೇ ಆಸ್ಪತ್ರೆ. ಎರಡು, ಟರ್ಕಿಯ ಯಾವುದೋ ಆಸ್ಪತ್ರೆ. ಮೂರು, ವಿದ್ಯಾರ್ಥಿಯ ಸ್ವಂತ ಊರಿನ ಆಸ್ಪತ್ರೆ, ಅಲ್ಲಿನ ದೊಡ್ಡ ಡಾಕ್ಟರು ಒಪ್ಪಿ ಪತ್ರ ಕೊಟ್ಟರೆ. ಎರಡು ವಾರದ ನಂತರದ ಶನಿವಾರ ಸಂಜೆಯೊಳಗೆ ತಿಳಿಸಬೇಕು.

"ಮೂರನೆಯದು! ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?" ಎಂದೆ.

"ಬೊಬ್ಬೆ ಹೊಡೀಬೇಡಿ," ಎಂದಳು ಗುಣವತಿ. "ನಾಳೆ ಇಲ್ಲಿ ಲೈಸನ್ಸು ಕೊಡುವಾಗ ಯಾವುದು ನಡೀತದೆ, ಯಾವುದು ನಡಿಯೂದಿಲ್ಲ ಅಂತ ಕೇಳಿದ್ದೀರಾ?"

ಅದು ಸರಿಯಾದ ಪ್ರಶ್ನೆ. ನನಗೆ ಸಿಟ್ಟು ಬರುವುದು ಅವಳು ಸರಿಯಾದ ಪ್ರಶ್ನೆ ಕೇಳಿದಾಗಲೇ. ವೀಕ್ಷಾ ಅಲ್ಲಿ ಪದವಿ ಮುಗಿಸಿದರೆ ಸಾಲದು. ಇಲ್ಲಿಗೆ ಬಂದು ಪರೀಕ್ಷೆ ಬರೆದು, ಕಾಗದಪತ್ರವೆಲ್ಲ ತೋರಿಸಿ, ಮೆಡಿಕಲ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೆಯೇ ಅವಳು ಡಾಕ್ಟರು. ಆಸ್ಪತ್ರೆಯಲ್ಲಿ ಕಲಿತದ್ದು ನಿಯಮದ ಪ್ರಕಾರ ಅಲ್ಲ ಎಂದು ಅವರು ಒಂದು ಗೀಟು ಎಳೆದರೆ ಆರು ವರ್ಷದ ಓದೂ ನೀರಿಗೆ ಹೋಯಿತು.

"ಅದೇ ಪುರಿಯಲೆಪ್ಪಾ," ಎಂದಳು ವೀಕ್ಷಾ. ಮದ್ರಾಸಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಪುರಿಯಲೆ ಎಂದರೆ ಅರ್ಥವಾಗುತ್ತಿಲ್ಲ. ಅವಳ ಮಾತನ್ನು ಇನ್ನು ಮುಂದೆ ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ನಿಮಗೂ ಪುರಿಯುವುದಿಲ್ಲ. "ಸೀನಿಯರ್ಸ್ ಗ್ರೂಪಲ್ಲಿ ಮುನ್ನೂರು ಜನ ಇದ್ದಾರೆ. ನೂರು ಜನ ಆಗತ್ತೆ ಅಂತಾರೆ, ನೂರು ಜನ ಆಗಲ್ಲ ಅಂತಾರೆ, ಉಳಿದ ನೂರು ಜನ ಗುಡ್ ಮಾರ್ನಿಂಗ್ ಹಾಕ್ತಾರೆ."

ಅವಳನ್ನು ಜಾರ್ಜಿಯಾಕ್ಕೆ ಕಳಿಸಿಕೊಟ್ಟ ಅಮಿತ್ ಎಂಬ ಏಜೆಂಟನಿಗೆ ಫೋನು ಮಾಡಿದೆ. "ಅಂಕಲ್, ಹಂಡ್ರೆಡ್ ಪರ್ಸೆಂಟ್ ಓಕೆ. ಎಲ್ಲರೂ ಮಾಡ್ತಾರೆ," ಎಂದ. ನೂರಕ್ಕೆ ನೂರು ಎಂದು ಒಬ್ಬ ಹೇಳಿದ ಮೇಲೆ ಇನ್ನು ಯಾರನ್ನು ಕೇಳುವುದು? ನನ್ನ ಮನಸ್ಸಿನಲ್ಲಿ ಆಗಲೇ ಡಾಕ್ಟರ್ ಗುರುಚರಣರು ಬಂದು ಕೂತಾಗಿತ್ತು.

ಗುರುಚರಣರದು ಐದು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮಾಧ್ವ ಮನೆತನ. ಗಿಂಡಿಯಲ್ಲಿ ನಲವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಇದೆ. ಮನೆಯಲ್ಲಿ ಎಷ್ಟೇ ಮಡಿ ಇರಲಿ, ಬೆಳಿಗ್ಗೆ ಆರೂವರೆಗೆ ನನ್ನಲ್ಲಿ ಪೊಂಗಲ್ಲು, ಕಾಫಿ ಆಗಲೇಬೇಕು. ಮರುದಿನ ಅವರು ಬಂದಾಗ ನಾನೇ ಲೋಟ ಹಿಡಿದುಕೊಂಡು ಹೋಗಿ ವಿಷಯ ಹೇಳಿದೆ.

"ಇದು ಕೇಳೋಕೆ ಇಷ್ಟು ತಯಕ್ಕ ಯಾಕೆ ಕಾಂತಪ್ಪನವರೇ? ನಮ್ಮ ಹುಡುಗಿ. ಸೆರಿ, ನಾಳೆಯಿಂದಲೇ ಅನುಪ್ಸಿ. ಹತ್ತು ದಿವಸ ಸುಮ್ನೆ ಬಂದು ಪಾರ್ಕಲಿ, ಪಿಡಿಸಿದ್ರೆ ಲೆಟರ್ ಕೊಡ್ತೀನಿ," ಎಂದರು. ಅವರ ಕನ್ನಡ ಹಾಗೆಯೇ, ಅರ್ಧ ಸಾರು ಅರ್ಧ ರಸಂ. ತಯಕ್ಕ ಎಂದರೆ ಸಂಕೋಚ, ಅನುಪ್ಸಿ ಎಂದರೆ ಕಳಿಸಿ, ಪಾರ್ಕಲಿ ಎಂದರೆ ನೋಡಲಿ, ಪಿಡಿಸಿದ್ರೆ ಎಂದರೆ ಇಷ್ಟವಾದರೆ.

ನನ್ನ ತಪ್ಪು ಎಲ್ಲಿ ಎಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. ನಮ್ಮ ಹೋಟೆಲು ಕಸುಬಿನಲ್ಲಿ ಸರ್ಟಿಫಿಕೇಟು ಇಲ್ಲ. ಅಡುಗೆಯವನು ಕೆಲಸ ಕೇಳಿಕೊಂಡು ಬಂದರೆ ನಾವು ಕೇಳುವುದು ಒಂದೇ ಪ್ರಶ್ನೆ: ಯಾರ ಕೈಕೆಳಗೆ ಇದ್ದದ್ದು? ಭೋಜರಾಜಣ್ಣನ ಕೈಕೆಳಗೆ ಎಂಟು ವರ್ಷ ಎಂದರೆ ಸಾಕು, ಮರುಮಾತಿಲ್ಲ, ಒಳಗೆ ಹೋಗಿ ಸೊಂಟಕ್ಕೆ ಬಟ್ಟೆ ಕಟ್ಟಿಕೋ. ಭೋಜರಾಜಣ್ಣನ ಒಲೆ ಮುಂಬಯಿಯಲ್ಲಿ ಉರಿಯುತ್ತಿತ್ತೋ ಎಣ್ಣೂರಿನಲ್ಲೋ ಎಂದು ಯಾರೂ ಕೇಳುವುದಿಲ್ಲ. ನಾನೂ ಹಾಗೆಯೇ ಬಂದವನು. ಗುರುಚರಣರ ಕೈಕೆಳಗೆ ಕಲಿತಳು ಎಂದರೆ ಯಾವ ಕೌನ್ಸಿಲು ಬೇಡ ಎಂದೀತು? ಡಾಕ್ಟರ ಹೆಸರು ಹೇಳಿದರೆ ಸಾಕು ಎಂದು ನಾನು ಮನಸಾರೆ ನಂಬಿದ್ದೆ.

ಮೂರನೆಯ ದಿನ ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದುಕೊಂಡು ಗಿಂಡಿಗೆ ಹೋದೆ. ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೆ, ನನ್ನ ಮಗಳು ಒಬ್ಬ ಮುದುಕಿಯ ಮಂಚದ ತುದಿಯಲ್ಲಿ ಕೂತು ಮಾತಾಡುತ್ತಿದ್ದಾಳೆ. ಮುದುಕಿ ಎಣ್ಣೂರಿನಲ್ಲಿ ಮೀನು ಮಾರುವವಳು, ಹೆಸರು ಬೇಬಿ. ಎಪ್ಪತ್ತು ವರ್ಷದ ಬೇಬಿ! ಉಸಿರಾಟದ ತೊಂದರೆ. ಮಾತಿನ ನಡುವೆ ವೀಕ್ಷಾ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಊತ ಹೆಚ್ಚಾಗಿದೆ ಎಂದು ಗುರುಚರಣರಿಗೆ ಹೇಳಿದಳು. ಅವರು ಬಂದು ತಾವೂ ಒತ್ತಿ ನೋಡಿ ಮಾತ್ರೆ ಬದಲಾಯಿಸಿದರು. "ಚೆನ್ನಾಗಿ ನೋಡಿದಿ," ಎಂದರು. ನನ್ನ ಎದೆ ಹಾಲು ಉಕ್ಕಿದಂತೆ ಉಕ್ಕಿತು.

ಮನೆಗೆ ಬಂದು ಅವಳು ಆ ಊತದ ಕಥೆಯನ್ನು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ನಾನೇ ಹೇಳಿಸಿದೆ.

"ಕುಟೈಸಿಯಲ್ಲಿ ರೋಗಿ ಮಾತಾಡೋದು ಜಾರ್ಜಿಯನ್, ಪ್ರೊಫೆಸರ್ ಮಾತಾಡೋದೂ ಜಾರ್ಜಿಯನ್," ಎಂದಳು. "ಕೊನೆಗೆ ನಮಗೆ ಇಂಗ್ಲಿಷಲ್ಲಿ ಎರಡೇ ವಾಕ್ಯ. ಹನ್ನೆರಡು ತಲೆ ಹಿಂದೆ ನಿಂತು ನಾನು ಏನು ನೋಡಲಿ? ಇಲ್ಲಿ ಆ ಅಜ್ಜಿ ಸೊಸೆ ಬಗ್ಗೆ ದೂರು ಹೇಳ್ತಾ ಹೇಳ್ತಾ ಉಸಿರು ಕಟ್ಟತ್ತೆ ಅಂತ ರಾತ್ರಿ ಎರಡು ದಿಂಬು ಇಟ್ಕೊಂಡು ಮಲಗ್ತೀನಿ ಅಂದ್ಲು. ಅದರಿಂದಾನೇ ನನಗೆ ಗೊತ್ತಾಯ್ತು ಅಪ್ಪಾ, ಹಾರ್ಟಿನ ಪ್ರಾಬ್ಲಂ ಅಂತ."

ಇಷ್ಟು ಹೇಳಿದ ಮೇಲೆ ಇನ್ನೇನು ಬೇಕು? ಗುಣವತಿ ಒಬ್ಬಳು ಮಾತ್ರ, "ಶನಿವಾರದವರೆಗೆ ಟೈಮುಂಟಲ್ಲ, ಇನ್ನೊಂದು ಕಡೆ ಕೇಳುವ," ಎನ್ನುತ್ತಿದ್ದಳು.

"ನಿನಗೆ ಎಲ್ಲದರಲ್ಲೂ ಕಲ್ಲು ಹುಡುಕುವ ಚಾಳಿ," ಎಂದೆ.

"ಅಕ್ಕಿ ಆರಿಸುವವಳು ನಾನು. ಕಲ್ಲು ಸಿಗುದು ನನಗೇ."

ಹತ್ತು ದಿನ ಕಳೆದು ಗುರುವಾರ ಡಾಕ್ಟರು ಪತ್ರ ಬರೆದುಕೊಟ್ಟರು. ಶನಿವಾರದವರೆಗೆ ಕಾಯುವುದು ನನಗೆ ಸರಿ ಕಾಣಲಿಲ್ಲ. ಶನಿವಾರ ಯಾರಾದರೂ ಶುಭಕೆಲಸ ಶುರುಮಾಡುತ್ತಾರೆಯೇ? ಗುರುವಾರ ರಾಹುಕಾಲ ಒಂದೂವರೆಗೆ. ಅದಕ್ಕೆ ಮೊದಲೇ ಗುರುಚರಣರ ಕೋಣೆಯಲ್ಲಿ, ಅವರ ಎದುರಿಗೇ, ವೀಕ್ಷಾಳ ಲ್ಯಾಪ್‌ಟಾಪು ಬಿಚ್ಚಿಸಿದೆ. ಮೂರನೆಯ ಸಾಲು. ಪತ್ರ ಸೇರಿಸಿ ಆಯಿತು. "ನೀನು ಆಚೆ ಸರಿ, ನಾನು ಒತ್ತುತ್ತೇನೆ," ಎಂದು ಕೈ ತೊಳೆದುಕೊಂಡು ಬಂದು ಹೊಸ ಗ್ರೈಂಡರಿಗೆ ಸ್ವಿಚ್ಚು ಹಾಕುವ ಹಾಗೆ ನಾನೇ ಒತ್ತಿದೆ. ಆಮೇಲೆ ಇಡೀ ನರ್ಸಿಂಗ್ ಹೋಮಿಗೆ ಮೈಸೂರು ಪಾಕು ಹಂಚಿದೆ.

ಆಗ ಆ ಕೋಣೆಯಲ್ಲಿ ಸುಮೇಧಾ ಎಂಬ ಹುಡುಗಿಯೂ ಇದ್ದಳು. ಇಪ್ಪತ್ತೆಂಟು ಇಪ್ಪತ್ತೊಂಬತ್ತು ವರ್ಷ ಇರಬಹುದು. ಗುರುಚರಣರ ಹಳೆಯ ಸ್ನೇಹಿತ ಹರಿದಾಸ ಎನ್ನುವವರ ಮಗಳು. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಡಾಕ್ಟರಮ್ಮ ಎಂದೇ ಕರೆಯುವುದು. ವೀಕ್ಷಾ ಹತ್ತು ದಿನವೂ ಅವಳ ಹಿಂದೆಯೇ ತಿರುಗಿದವಳು, ಸುಮೇಧಾಕ್ಕ ಹಾಗೆ ಹೇಳಿದರು, ಸುಮೇಧಾಕ್ಕ ಹೀಗೆ ತೋರಿಸಿದರು ಎಂದು ಮನೆಯಲ್ಲಿ ಅವಳದೇ ಜಪ. ನಾನು ಮೈಸೂರು ಪಾಕು ಕೊಟ್ಟಾಗ ಅವಳು ತೆಗೆದುಕೊಂಡು ಫೈಲಿನ ಮೇಲೆ ಇಟ್ಟಳು. ತಿನ್ನಲಿಲ್ಲ.

ಮರುದಿನ, ಶುಕ್ರವಾರ ಮಧ್ಯಾಹ್ನ, ಮತ್ತೆ ಕ್ಯಾರಿಯರ್ ಹಿಡಿದು ಹೋದೆ. ಗುರುಚರಣರು ಆಪರೇಷನ್ ಕೋಣೆಯಲ್ಲಿದ್ದರು. ಹೊರಗಿನ ಬೆಂಚಿನಲ್ಲಿ ಕೈಗೂಸು ಎತ್ತಿಕೊಂಡ ಒಬ್ಬ ಗಂಡಸು, ಪಕ್ಕದ ಕಾರ್ಖಾನೆಯವನಿರಬೇಕು, ಸುಮೇಧಾಳನ್ನು ಬೇಡಿಕೊಳ್ಳುತ್ತಿದ್ದ. ಮಗುವಿಗೆ ಕೆಮ್ಮು. ಒಂದು ಔಷಧಿ ಬರೆದುಕೊಟ್ಟರೆ ಶಿಫ್ಟಿಗೆ ಓಡುತ್ತೇನೆ ಎನ್ನುತ್ತಿದ್ದ. ಅವಳು ಮಗುವಿನ ಬೆನ್ನಿಗೆ ಕೊಳವೆ ಇಟ್ಟು ಕೇಳಿದಳು, ಬಾಯಿ ತೆರೆಸಿ ನೋಡಿದಳು. ಆದರೆ, "ಸರ್ ಬರ್ತಾರೆ, ಇರಿ," ಎಂದು ಬಿಟ್ಟಳು.

ನನಗೆ ರೇಗಿತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಎಂತಮ್ಮ, ಒಂದು ಕೆಮ್ಮಿನ ಔಷಧಿ ಬರೆಯಲಿಕ್ಕೆ ಇಷ್ಟು ಜಂಬವಾ? ಪಾಪ, ಕೂಸು ಅಳ್ತಾ ಉಂಟು."

ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, "ನಾನು ಬರೆಯೋ ಹಾಗಿಲ್ಲ ಅಂಕಲ್. ನಾನು ಡಾಕ್ಟರಲ್ಲ," ಎಂದಳು.

ನಾನು ಕ್ಯಾರಿಯರನ್ನು ಬೆಂಚಿನ ಮೇಲಿಟ್ಟೆ.

ಅವಳು ಹೇಳಿದ್ದನ್ನು ಚುಟುಕಾಗಿ ಹೇಳುತ್ತೇನೆ. ಅವಳೂ ಹೊರದೇಶದಲ್ಲೇ ಓದಿದವಳು. ಕೊರೊನಾ ಬಂದಾಗ ಕಾಲೇಜಿನವರು ಮನೆಗೆ ಕಳಿಸಿದರು. ಆಸ್ಪತ್ರೆಯ ಭಾಗವನ್ನು ನಿಮ್ಮ ಊರಿನಲ್ಲೇ ಮುಗಿಸಿ, ಸಹಿ ತಂದರೆ ಸಾಕು ಎಂದರು. ತಂದೆ ಹರಿದಾಸರು ಗೆಳೆಯ ಗುರುಚರಣರನ್ನು ಕೇಳಿದರು. ಹನ್ನೊಂದು ತಿಂಗಳು ಇದೇ ನರ್ಸಿಂಗ್ ಹೋಮಿನಲ್ಲಿ ಕಲಿತಳು. ಕಾಲೇಜು ಪದವಿ ಕೊಟ್ಟಿತು. ಇಲ್ಲಿನ ಪರೀಕ್ಷೆಯನ್ನೂ ಪಾಸು ಮಾಡಿದಳು. ನೋಂದಾಯಿಸಲು ಹೋದಾಗ ಕೌನ್ಸಿಲಿನಿಂದ ಕಾಗದಗಳು ವಾಪಸು ಬಂದವು. ಈ ಹನ್ನೊಂದು ತಿಂಗಳು ನೀನು ಅಲ್ಲಿ ಇರಲಿಲ್ಲ, ಅಲ್ಲಿಗೇ ಹೋಗಿ ಮತ್ತೆ ಮಾಡಿ ಬಾ ಎಂದರು. ಕಾಲೇಜಿಗೆ ಬರೆದರೆ, ನಿನ್ನ ಕೋರ್ಸು ಮುಗಿದಿದೆ, ಮುಗಿದದ್ದನ್ನು ಮತ್ತೆ ಮಾಡಿಸಲು ನಮಗೆ ಕಾರಣವಿಲ್ಲ ಎಂದರು. ಹಾಗೆ ಮೂರು ವರ್ಷ ಆಯಿತು.

"ಸರ್ ಪಾಪ ಕೆಲಸ ಕೊಟ್ಟಿದಾರೆ," ಎಂದಳು. "ಪೇಷಂಟ್ ಕೋಆರ್ಡಿನೇಟರ್. ನೋಡ್ತೀನಿ, ಹೇಳ್ತೀನಿ. ಬರೆಯಲ್ಲ."

"ನಿನ್ನೆ ಯಾಕಮ್ಮ ಹೇಳಲಿಲ್ಲ? ನಿನ್ನ ಎದುರಿಗೇ ನಾನು ಒತ್ತಿದ್ದು!"

"ಎರಡು ಸಲ ಬಾಯಿ ತೆರೆದೆ ಅಂಕಲ್. ನೀವು ಮೈಸೂರು ಪಾಕ್ ಕೊಟ್ರಿ."

ಅಲ್ಲೇ ನಿಂತು ಅಮಿತನಿಗೆ ಫೋನು ಮಾಡಿದೆ. "ಅದು ಕೊರೊನಾ ಬ್ಯಾಚ್ ಅಂಕಲ್, ಇದು ಬೇರೆ," ಎಂದ. ಹಾಗಾದರೆ ಸುಮೇಧಾ ಹೇಳಿದ್ದು ಹಳೆಯ ಕಥೆಯೇ? ಒಂದು ಕ್ಷಣ ಸಮಾಧಾನ. ಸುಮೇಧಾ ತನ್ನ ಫೋನಿನಲ್ಲಿ ಸರಕಾರದ ನಿಯಮ ತೆಗೆದು, ಅಷ್ಟರಲ್ಲಿ ವಾರ್ಡಿನಿಂದ ಬಂದ ವೀಕ್ಷಾಳ ಕೈಗೆ ಕೊಟ್ಟಳು. ವೀಕ್ಷಾ ಅದನ್ನು ಇಂಗ್ಲಿಷಿನಲ್ಲಿ ಓದಿ, ಮತ್ತೊಮ್ಮೆ ಓದಿ, ನನಗೆ ಬಿಡಿಸಿ ಹೇಳಿದಳು. ಇಡೀ ಕೋರ್ಸು, ಆಸ್ಪತ್ರೆಯ ತರಬೇತಿ ಸಹಿತ, ಪದವಿ ಕೊಡುವ ಆ ಹೊರದೇಶದ ಕಾಲೇಜಿನಲ್ಲೇ ಆಗಬೇಕು. ಯಾವ ಭಾಗವನ್ನೂ ಭಾರತದಲ್ಲಾಗಲಿ ಮೂರನೆಯ ದೇಶದಲ್ಲಾಗಲಿ ಮಾಡುವ ಹಾಗಿಲ್ಲ.

"ಇದರಲ್ಲಿ ಕೊರೊನಾ ಅನ್ನೋ ಶಬ್ದವೇ ಇಲ್ಲ ಅಪ್ಪಾ."

"ಮತ್ತೆ ನಿನ್ನ ಕಾಲೇಜಿನವರು ಆ ಮೂರನೇ ಸಾಲು ಹಾಕಿದ್ದು ಯಾಕೆ?"

"ಅವರಿಗೆ ಅವರ ಡಿಗ್ರಿ ಆದರೆ ಸಾಕು. ನಾನು ಇಲ್ಲಿ ಡಾಕ್ಟರಾಗ್ತೀನೋ ಇಲ್ಲವೋ ಅವರಿಗೇನು?"

ಅಂದರೆ ಅಲ್ಲಿಯವರಿಗೆ ಆಗುತ್ತದೆ, ಇಲ್ಲಿಯವರಿಗೆ ಆಗುವುದಿಲ್ಲ. ಏಜೆಂಟನಿಗೆ ನೂರಕ್ಕೆ ನೂರು ಆಗುತ್ತದೆ. ಗುರುಚರಣರಿಗೆ ಆಗುತ್ತದೆ, ಅವರ ಹತ್ತಿರ ಹನ್ನೊಂದು ತಿಂಗಳು ಕಲಿತವಳಿಗೆ ಆಗಿಲ್ಲ. ನನಗೆ ಎಲ್ಲಿ ನಿಂತಿದ್ದೇನೆ ಎಂದೇ ತಿಳಿಯದಾಯಿತು. ಗಿಂಡಿ ಮೆಟ್ರೋ ಹತ್ತುವ ಬದಲು ಎದುರಿನ ಲೋಕಲ್ ರೈಲು ಹತ್ತಿ ತಾಂಬರಂ ಕಡೆ ಎರಡು ಸ್ಟೇಷನ್ನು ಹೋದ ಮೇಲೆ ವೀಕ್ಷಾ, "ಅಪ್ಪಾ, ಇದು ಆಪೋಸಿಟ್," ಎಂದಳು.

ಮನೆಯಲ್ಲಿ ಗುಣವತಿ ಎಲ್ಲವನ್ನೂ ಕೇಳಿದಳು. "ನಾನು ಹೇಳಿದ್ದೆ" ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾಡಿ ಹಗುರಾಗುತ್ತಿದ್ದೆ.

"ಒತ್ತಿದ್ದನ್ನು ವಾಪಸು ತೆಗೀಲಿಕ್ಕೆ ಆಗೂದಿಲ್ವಾ?" ಎಂದು ಕೇಳಿದಳು.

ವೀಕ್ಷಾ ಕಾಲೇಜಿಗೆ ಇಮೇಲ್ ಕಳಿಸಿದಳು. ಒಂದು ಗಂಟೆಯಲ್ಲಿ ಉತ್ತರ ಬಂತು. ಆಯ್ಕೆಯನ್ನು ಬದಲಾಯಿಸಲಾಗುವುದಿಲ್ಲ. ಆದರೆ ಸ್ವಂತ ಊರಿನ ಆಸ್ಪತ್ರೆಯೇ ವಿದ್ಯಾರ್ಥಿಯನ್ನು ಸ್ವೀಕರಿಸಲು ನಿರಾಕರಿಸಿ, ಕಾರಣ ಸಹಿತ ಪತ್ರ ಕೊಟ್ಟರೆ, ಕುಟೈಸಿಯಲ್ಲಿ ಜಾಗ ಕೊಡುತ್ತೇವೆ. ನಾಳೆ ಸಂಜೆ ಐದರೊಳಗೆ. ಅವರ ಐದು ಎಂದರೆ ನಮ್ಮ ಆರೂವರೆ.

"ಹೋಗಿ ಕೇಳಿ," ಎಂದಳು ಗುಣವತಿ.

"ಏನಂತ ಕೇಳ್ಲಿ? ಅಯ್ಯಾ, ಮೊನ್ನೆ ನಿಮ್ಮ ಕಾಲು ಹಿಡಿದು ಹೂಂ ಅನ್ನಿಸಿದೆ, ಇವತ್ತು ಅದೇ ಕಾಲು ಹಿಡೀತೇನೆ, ಇಲ್ಲ ಅನ್ನಿ ಅಂತವಾ? ನನಗೆ ಮುಖ ಇಲ್ಲ ಮಾರಾಯ್ತಿ."

"ಮುಖ ನಿಮ್ಮದು. ಲೈಸನ್ಸು ಮಗಳದ್ದು."

ಆಗ ವೀಕ್ಷಾ ಜೋರಾಗಿ ಅತ್ತುಬಿಟ್ಟಳು. "ನಾನು ಹೋಗಲ್ಲ! ಅಲ್ಲಿ ಕಲಿಯೋಕೆ ಏನೂ ಇಲ್ಲ, ಇಲ್ಲಿ ಕಲಿತದ್ದು ಲೆಕ್ಕಕ್ಕೇ ಇಲ್ಲ. ನನಗೆ ಯಾವುದು ಬೇಕು ಅಂತ ಯಾರಾದ್ರೂ ಕೇಳಿದ್ರಾ? ಈ ಹತ್ತು ದಿನ ಮಾತ್ರ ನಾನು ಡಾಕ್ಟರ್ ಆಗಬಲ್ಲೆ ಅಂತ ನನಗೆ ಅನ್ನಿಸಿದ್ದು." ಕೋಣೆಯ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಬಾಗಿಲಿನ ಈಚೆ ದಡ್ಡರ ಹಾಗೆ ಕೂತೆವು. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಕಷ್ಟ.

ಬೆಳಿಗ್ಗೆ ಆರೂವರೆಗೆ ಗುರುಚರಣರು ಹೋಟೆಲಿಗೆ ಬರಲಿಲ್ಲ. ಕ್ಯಾಲೆಂಡರು ನೋಡಿದರೆ ಏಕಾದಶಿ. ಏಕಾದಶಿಯಂದು ಅವರಿಗೆ ನೀರೂ ಇಲ್ಲ. ಇನ್ನು ಉಪವಾಸದ ಮನುಷ್ಯನ ಎದುರಿಗೆ ಹೋಗಿ ಇಂಥ ಮಾತು ಆಡಬೇಕಲ್ಲ ದೇವರೇ ಎಂದು ಗಲ್ಲಾದ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಾಗ ವೀಕ್ಷಾ ಬಂದಳು. ತಲೆ ಬಾಚಿ, ಬ್ಯಾಗು ಹಾಕಿಕೊಂಡು ತಯಾರಾಗಿದ್ದಳು.

"ನಡಿಯಪ್ಪಾ. ನಾನೇ ಕೇಳ್ತೀನಿ."

"ನಿನ್ನೆ ಹೋಗಲ್ಲ ಅಂದದ್ದು?"

"ಆ ವಾರ್ಡಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡೋದು ಸುಮೇಧಾಕ್ಕ. ಹತ್ತು ದಿನದಲ್ಲಿ ಒಂದು ಕಾಗದದ ಮೇಲೂ ಅವರ ಹೆಸರು ನಾನು ನೋಡಿಲ್ಲ," ಎಂದಳು. ಅಷ್ಟೇ ಹೇಳಿದ್ದು.

ಹತ್ತೂವರೆಗೆ ಗುರುಚರಣರ ಕೋಣೆಯಲ್ಲಿದ್ದೆವು. ಸುಮೇಧಾ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದಳು. ತಾನೇ ಕೇಳುತ್ತೇನೆ ಎಂದು ಬಂದ ವೀಕ್ಷಾ, "ಸರ್..." ಎಂದವಳು ನನ್ನ ಮುಖ ನೋಡಿದಳು. ಸರಿ, ನಾನೇ ಶುರುಮಾಡಿದೆ. ನಿಯಮ, ಇಮೇಲು, ಐದು ಗಂಟೆ ಎಂದು ಹಿಂದುಮುಂದಾಗಿ ಏನೇನೋ ಹೇಳಿ ಕೊನೆಗೆ, "ಒಂದು ಉಪಕಾರ ಮಾಡಿ ಡಾಕ್ಟ್ರೇ. ಇಲ್ಲ ಅಂತ ಬರೆದುಕೊಡಿ," ಎಂದೆ.

ಅವರ ಮುಖ ಕೆಂಪಾಯಿತು. "ಏನ್ರೀ ಇದು? ಮೂವತ್ನಾಲ್ಕು ವರ್ಷ ಪ್ರಾಕ್ಟೀಸ್ ನನ್ನದು. ನನ್ನ ಹತ್ರ ಕಲಿತದ್ದು ಆಗಲ್ವಾ? ಯಾರು ಹಂಗಂದದ್ದು?"

"ನಿಮ್ಮ ಹತ್ತಿರ ಹತ್ತು ದಿನದಲ್ಲಿ ಅವಳು ಕಲಿತದ್ದು ಅಲ್ಲಿ ಹತ್ತು ತಿಂಗಳಲ್ಲಿ ಕಲಿಯೂದಿಲ್ಲ. ಅದು ನನಗೆ ಗೊತ್ತು. ನಿಮ್ಮ ಮೇಲೆ ಒಂದು ಚೂರೂ ಅಪನಂಬಿಕೆ ಇಲ್ಲ. ಆದರೆ ಕಾನೂನು ಯಾರ ಹತ್ತಿರ ಕಲಿತೆ ಅಂತ ಕೇಳುದಿಲ್ಲವಂತೆ. ಎಲ್ಲಿ ಕಲಿತೆ ಅಂತ ಕೇಳ್ತದಂತೆ."

"ಅದೆಲ್ಲ ಕೊರೊನಾ ಟೈಮ್ ತಕರಾರು," ಎಂದರು. ಹೇಳಿದವರು ಪಕ್ಕದ ಮೇಜಿನ ಕಡೆ ನೋಡಲಿಲ್ಲ. ಸುಮೇಧಾಳ ಬೆರಳು ಕೀಲಿಗಳ ಮೇಲೆ ನಿಂತಿತು.

"ಸೆರಿ. ಕಾರಣ ಏನಂತ ಬರೀಲಿ?" ಎಂದು ಕೇಳಿದರು ಕೊನೆಗೆ.

"ಹುಡುಗಿ ಪೆದ್ದು ಅಂತ ಬರ್ಕೊಳ್ಳಿ. ಕೆಲಸಕ್ಕೆ ಬಾರದವಳು ಅಂತ."

ವೀಕ್ಷಾ ತಟ್ಟನೆ ನನ್ನ ಕಡೆ ತಿರುಗಿದಳು. ನನಗೆ ಬೇರೆ ಏನೂ ಹೊಳೆದಿರಲಿಲ್ಲ.

"ಸುಳ್ಳು ನಾನು ಬರೆಯಲ್ಲ. ಅದೂ ಏಕಾದಶಿ ದಿವಸ," ಎಂದರು ಡಾಕ್ಟರು.

"ನಿಜ ಬರೀಬಹುದು ಸರ್," ಎಂದಳು ಸುಮೇಧಾ. ನಾವು ಮೂವರೂ ಅವಳ ಕಡೆ ತಿರುಗಿದೆವು. "ಹೊರದೇಶದ ವೈದ್ಯಕೀಯ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವ ಅಧಿಕಾರ ಈ ಆಸ್ಪತ್ರೆಗೆ ಇಲ್ಲ. ಇಷ್ಟೇ ಸಾಕು."

ಗುರುಚರಣರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವಾಗಿಂದ ಇಲ್ಲ?"

"ಯಾವತ್ತೂ ಇರಲಿಲ್ಲ ಸರ್."

ನನಗೆ ಭೂಮಿ ಬಿರಿದು ಒಳಗೆ ಹೋದರೆ ಸಾಕು ಎನಿಸಿತು. ದಿನಾ ನನ್ನ ಕೈಯಿಂದ ಕಾಫಿ ಕುಡಿಯುವ ಮನುಷ್ಯನನ್ನು ಅವರದೇ ಕುರ್ಚಿಯಲ್ಲಿ ಹೀಗೆ ಕೂರಿಸಿದವನು ನಾನು. ಅವರು ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಾದೆ. ಅವರು ಕೈಯಾಡಿಸಿ, "ಟೈಪ್ ಮಾಡು," ಎಂದರು.

ಸುಮೇಧಾ ಟೈಪು ಮಾಡಿದಳು. ಐದು ಸಾಲು. ಅವರು ಓದಿದರು, ಒಂದು ಕಡೆ ತಡೆದರು, ಸಹಿ ಹಾಕಿದರು. ಅವಳೇ ಸೀಲು ಒತ್ತಿ ಫೋಟೋ ತೆಗೆದು ವೀಕ್ಷಾಳಿಗೆ ಕೊಟ್ಟಳು. ಹನ್ನೊಂದೂಕಾಲಿಗೆ ಇಮೇಲು ಹೋಯಿತು. ಉತ್ತರ ಬರುವವರೆಗೆ ಅಲ್ಲೇ ಕೂತಿರಿ ಎಂದರು ಡಾಕ್ಟರು. ಇಬ್ಬರು ರೋಗಿಗಳನ್ನು ನೋಡಿ ಬಂದರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ವೀಕ್ಷಾಳ ಫೋನು ಟಿಂಗ್ ಎಂದಿತು. ಅವಳು ಓದಿ, "ಕುಟೈಸಿ. ಕೊಟ್ಟಿದ್ದಾರೆ," ಎಂದಳು. ಸೆಪ್ಟೆಂಬರ್ ಒಂದಕ್ಕೆ ಮೆಡಿಸಿನ್ ವಾರ್ಡಿನಿಂದ ಶುರು. ಸಂತೋಷವೋ ದುಃಖವೋ, ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ನಾನು ಎದ್ದು ಕೈಮುಗಿದೆ.

"ಕೂತ್ಕೊಳ್ಳಿ," ಎಂದರು ಗುರುಚರಣರು. ಅವರು ನನ್ನನ್ನು ನೋಡುತ್ತಿರಲಿಲ್ಲ. "ಸುಮೇಧಾ, ನಿಮ್ಮಪ್ಪನೂ ಬಂದು ಇಲ್ಲೇ ಕೂತಿದ್ದ. ಅವನು ಕೇಳಿದ, ನಾನು ಸೆರಿ ಅಂದೆ. ಸ್ನೇಹಿತ ಕೇಳ್ತಾನೆ, ಇಲ್ಲ ಅನ್ನೋದು ಹೆಂಗೆ ಅಂತ. ರೂಲ್ ಓದಿ ನೋಡೋಣ ಅಂತ ಒಂದು ದಿವಸವೂ ಅನ್ನಿಸಲಿಲ್ಲ ಕಣಮ್ಮ."

"ಬಿಡಿ ಸರ್."

"ಬಿಡೋದಲ್ಲ. ಇನ್ನೊಂದು ಲೆಟರ್ ಟೈಪ್ ಮಾಡು. ನಿನ್ನ ಕಾಲೇಜಿಗೆ. ಆ ಹನ್ನೊಂದು ತಿಂಗಳು ನಾನು ಕೊಟ್ಟ ತರಬೇತಿಗೆ ನನಗೆ ಅಧಿಕಾರ ಇರಲಿಲ್ಲ, ಆದ್ದರಿಂದ ಅದು ಸಲ್ಲದು, ಇವಳ ಕೋರ್ಸು ಮುಗಿದಿಲ್ಲ ಅಂತ. ಮುಗಿದಿಲ್ಲ ಅಂದ್ರೆ ಮತ್ತೆ ಮಾಡಿಸಲೇಬೇಕಲ್ಲ ಅವರು?"

"ಮಾಡಿಸ್ತಾರೋ ಇಲ್ಲವೋ ಗೊತ್ತಿಲ್ಲ," ಎಂದಳು ಅವಳು. "ಆದ್ರೆ ಹಂಗೆ ಬರೆದುಕೊಟ್ಟರೆ ನಿಮ್ಮನ್ನ ಕೇಳ್ತಾರೆ ಸರ್. ನೋಟಿಸ್ ಬರತ್ತೆ."

"ಬರಲಿ. ಅರುವತ್ತೆರಡು ವರ್ಷ ಆಯ್ತು ನನಗೆ. ಬರ್ಕೋ."

ಸುಮೇಧಾ ಕೀಲಿಗಳ ಮೇಲೆ ಕೈಯಿಟ್ಟಳು. ಒಂದು ಅಕ್ಷರ ಒತ್ತಿದಳು, ಅಳಿಸಿದಳು. ಮತ್ತೆ ಒತ್ತಿದಳು. ಎದ್ದು ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ವೀಕ್ಷಾ, ನೀನು ಮಾಡು," ಎಂದಳು.

ನನ್ನ ಮಗಳು ಹೋಗಿ ಕೂತಳು. ಗುರುಚರಣರು ಹೇಳುತ್ತಾ ಹೋದರು, ಅವಳು ಟೈಪು ಮಾಡುತ್ತಾ ಹೋದಳು. ಹೆಸರು ಬರೆಯುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಹಿಂದೆ ನಿಂತಿದ್ದವಳ ಮುಖ ನೋಡಿದಳು.

"ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಲಾ ಅಕ್ಕಾ?"

ಸುಮೇಧಾ ಬಗ್ಗಿ ಪರದೆಯನ್ನು ನೋಡಿದಳು.

"ಬೇಡ," ಎಂದಳು. "ಈಗಲೇ ಬೇಡ."